ಹದಿನಾಲ್ಕು ಕೋರ್ ಕೊಂಡೆ, ಟೈಮ್‌ಲೈನ್ ಮಾತ್ರ ಓಡಲಿಲ್ಲ

ಎತ್ತು ಕೊಳ್ಳುವವರು ಹಲ್ಲು ಎಣಿಸುತ್ತಾರೆ. ನಾನು 2022ರಲ್ಲಿ ಕಂಪ್ಯೂಟರ್ ಪ್ರೊಸೆಸರ್‌ನ ಕೋರ್ ಎಣಿಸಿದೆ, ಅಂದರೆ ಅದರೊಳಗೆ ಎಷ್ಟು ಕೆಲಸಗಾರರಿದ್ದಾರೆ ಅಂತ. ಎಣಿಕೆಯೇನೋ ಸರಿಯಾಗಿಯೇ ಇತ್ತು.

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನಮ್ಮದೊಂದು ಸಣ್ಣ ಸ್ಟುಡಿಯೊ. ಮದುವೆ, ನಿಕಾಹ್, ಕುಬಸ, ಮನೆ ಶಾಂತಿ, ಎಲ್ಲ ಶೂಟ್ ಮಾಡುತ್ತೇವೆ. ಕ್ಯಾಮೆರಾ ಮತ್ತು ಎಡಿಟಿಂಗ್ ನನ್ನ ಪಾಲಿಗೆ, ದುಡ್ಡಿನ ಲೆಕ್ಕ ಅಣ್ಣನ ಪಾಲಿಗೆ. ಮೊದಲು ಡಿವಿಡಿ ಕೊಡುತ್ತಿದ್ದೆವು, ತಿಂಗಳಾದರೂ ಯಾರೂ ಕೇಳುತ್ತಿರಲಿಲ್ಲ. ಈಗ ಬೀಗರು ತಮ್ಮ ಊರು ಮುಟ್ಟುವುದರೊಳಗೆ ವಾಟ್ಸಾಪ್‌ಗೆ ಟೀಸರ್ ಬಂದಿರಬೇಕು. ನಮ್ಮ ಹಳೇ ನಾಲ್ಕು ಕೋರ್ ಕಂಪ್ಯೂಟರ್‌ನಲ್ಲಿ ಒಂದು ಮದುವೆ ಎಕ್ಸ್‌ಪೋರ್ಟ್‌ಗೆ, ಅಂದರೆ ಎಡಿಟ್ ಮುಗಿದದ್ದನ್ನು ಪೂರ್ತಿ ವಿಡಿಯೊ ಫೈಲ್ ಮಾಡಲಿಕ್ಕೆ, ಹಾಕಿದರೆ ರಾತ್ರಿ ಪೂರ್ತಿ ಅದೇ ಆಗುತ್ತಿತ್ತು.

ಹೊಸದು ಬೇಕು ಅಂತ ಹೈದರಾಬಾದ್‌ಗೆ ಹೊರಟೆ. ಬೆಂಗಳೂರು ನಮಗೆ ಒಂದು ರಾತ್ರಿಯ ದಾರಿ. ಹೈದರಾಬಾದ್ ಆದರೆ ವಾಡಿ, ತಾಂಡೂರು, ವಿಕಾರಾಬಾದ್ ದಾಟಿದರೆ ಬಂತು, ಬೆಳಿಗ್ಗೆ ಹೋಗಿ ರಾತ್ರಿ ಮನೆಗೆ ಬರಬಹುದು. ಸಿಕಂದರಾಬಾದ್‌ನ ಚೆನಾಯ್ ಟ್ರೇಡ್ ಸೆಂಟರ್, ಎಲ್ಲರ ಬಾಯಲ್ಲಿ ಸಿಟಿಸಿ, ಕಂಪ್ಯೂಟರ್ ಸಾಮಾನಿಗೆ ನಮ್ಮ ಕಡೆಯವರ ಸಂತೆ. ಅಲ್ಲಿ ಒಬ್ಬ ಅಂಗಡಿಯವನು ಒಂದು ಜಿಯಾನ್ ತೋರಿಸಿದ. ಇಂಟೆಲ್ ಜಿಯಾನ್ ಇ5-2680 ವಿ4. 14 ಕೋರ್, 28 ಥ್ರೆಡ್, ಅಂದರೆ ಒಂದೊಂದು ಕೋರ್ ಎರಡೆರಡು ಕೆಲಸದ ಸಾಲು ಹಿಡಿಯುತ್ತದೆ. ಬೆಲೆ ನಾಲ್ಕು ಸಾವಿರದೊಳಗೆ! ಅದರ ಪಕ್ಕದಲ್ಲೇ ಇದ್ದ ಹೊಸ 6 ಕೋರ್ ಪ್ರೊಸೆಸರ್‌ಗೆ ಅದರ ನಾಲ್ಕು ಪಟ್ಟು ಬೆಲೆ.

ಇಷ್ಟು ಅಗ್ಗ ಯಾಕೆ ಅಂತ ಆಗ ಕೇಳಲಿಲ್ಲ, ಆಮೇಲೆ ತಿಳಿದುಕೊಂಡೆ. ಅದು 2016ರಲ್ಲಿ ಬಂದ ಸರ್ವರ್ ಪ್ರೊಸೆಸರ್. ದೊಡ್ಡ ಡೇಟಾ ಸೆಂಟರ್‌ಗಳು ಕೆಲವು ವರ್ಷಕ್ಕೊಮ್ಮೆ ಸರ್ವರ್ ಬದಲಾಯಿಸುತ್ತವೆ. ತೆಗೆದುಹಾಕಿದ ಚಿಪ್‌ಗಳು ರಾಶಿಗಟ್ಟಲೆ ಹಳೇ ಮಾಲಿನ ಮಾರುಕಟ್ಟೆಗೆ ಬರುತ್ತವೆ. ಅವಕ್ಕೆ ಹೊಂದುವ ಎಕ್ಸ್99 ಮದರ್‌ಬೋರ್ಡ್‌ಗಳನ್ನು ಚೀನಾದ ಸಣ್ಣ ಕಂಪನಿಗಳು ಹೊಸದಾಗಿ ಮಾಡುತ್ತವೆ. ಸರ್ವರ್‌ನಿಂದ ತೆಗೆದ ರ‍್ಯಾಮ್ ಕೂಡ ಅಗ್ಗ. ನಾನು 16 ಜಿಬಿಯ ನಾಲ್ಕು ಕಡ್ಡಿ ಹಾಕಿಸಿದೆ, 64 ಜಿಬಿ ಆಯಿತು. ಅಣ್ಣನಿಗೂ ಖುಷಿ. "ಸರ್ವರ್ ಅಂದ್ರ ಬ್ಯಾಂಕಿನ್ಯಾಗ ಇಡ್ತಾರಲ್ಲ ಅದಾ? ಗಟ್ಟಿ ಇರ್ತದ ಬಿಡು" ಅಂದ.

ಮೊದಲ ವರ್ಷ ನಾವೇ ಗೆದ್ದೆವು ಅನ್ನಿಸಿತು. ಎಕ್ಸ್‌ಪೋರ್ಟ್ ಹಾಕಿ, ಪ್ರೊಸೆಸರ್ ಎಷ್ಟು ದುಡಿಯುತ್ತಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ತೆಗೆದರೆ, ಥ್ರೆಡ್‌ಗೆ ಒಂದರಂತೆ 28 ಚೌಕಗಳೂ ಮೇಲಿನವರೆಗೆ ತುಂಬಿರುತ್ತಿದ್ದವು. ಬಂದವರಿಗೆಲ್ಲ ಅದನ್ನೇ ತೋರಿಸುತ್ತಿದ್ದೆ.

2023ರಲ್ಲಿ ಹೊಸ ಕ್ಯಾಮೆರಾ ತಗೊಂಡೆವು. ಅಲ್ಲಿಂದ ಶುರುವಾಯಿತು ಗೋಳು. ಹೊಸದು 4ಕೆ ವಿಡಿಯೊವನ್ನು ಎಚ್.265 ಎಂಬ ಒತ್ತಿ ಚಿಕ್ಕದು ಮಾಡುವ ವಿಧಾನದಲ್ಲಿ, 10 ಬಿಟ್, 4:2:2 ಬಣ್ಣದಲ್ಲಿ ಬರೆಯುತ್ತದೆ. ಹಳೇ ಕ್ಯಾಮೆರಾದ 4:2:0ಗೆ ಹೋಲಿಸಿದರೆ ಬಣ್ಣದ ಮಾಹಿತಿ ಎರಡು ಪಟ್ಟು. ಕೆಂಪು ಸೀರೆಯ ಜರಿ ಅಂಚು, ಅರಿಶಿನ ಮೆತ್ತಿದ ಮುಖ, ಸ್ಟೇಜಿನ ನೀಲಿ ಲೈಟು, ಇವೆಲ್ಲ ಕಲರ್ ಮಾಡುವಾಗ ಹರಿದುಹೋಗುವುದಿಲ್ಲ. ಆದರೆ ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸುವ ಟೈಮ್‌ಲೈನ್‌ನಲ್ಲಿ ಪ್ಲೇ ಒತ್ತಿದರೆ ಚಿತ್ರ ನಿಂತು ನಿಂತು ಹೋಗುತ್ತಿತ್ತು. ಮದುಮಗ ಅಕ್ಕಿ ಕಾಳಿಗೆ ಕೈ ಎತ್ತಿದರೆ, ಕೈ ಕೆಳಗೆ ಬರುವಷ್ಟರಲ್ಲಿ ನಾನು ಚಹಾ ಕುಡಿದು ಬರಬಹುದಿತ್ತು.

ಟಾಸ್ಕ್ ಮ್ಯಾನೇಜರ್ ನೋಡಿದೆ. ಒಂದೆರಡು ಚೌಕ ತುಂಬಿದ್ದವು, ಉಳಿದವು ಅರ್ಧಕ್ಕೂ ಬಂದಿರಲಿಲ್ಲ. ಅಲುಗಾಡಿದ ಶಾಟ್‌ಗೆ ಸ್ಟೆಬಿಲೈಸರ್ ಹಾಕಿದರೂ ಅದೇ ಕಥೆ. ಮದುವೆಮನೆಯಲ್ಲಿ ಬಡಿಸುವುದಕ್ಕೆ 14 ಮಂದಿ ಇದ್ದರೆ ಪಂಕ್ತಿ ಬೇಗ ಏಳುತ್ತದೆ. ತಾಳಿ ಕಟ್ಟುವವನು ಮಾತ್ರ ಒಬ್ಬನೇ, ಅಲ್ವಾ? ಅವನ ಕೈ ನಿಧಾನ ಆದರೆ ಬಡಿಸುವವರು ಸುಮ್ನೆ ನಿಂತಿರಬೇಕು. ಎಕ್ಸ್‌ಪೋರ್ಟ್ ಅಂದರೆ ಬಡಿಸುವ ಕೆಲಸ. ಕ್ಲಿಪ್ ಎಳೆಯುವುದು, ಕತ್ತರಿಸುವುದು, ಎಫೆಕ್ಟ್ ಹಾಕಿ ನೋಡುವುದು ಬಹಳಷ್ಟು ತಾಳಿ ಕಟ್ಟುವ ಕೆಲಸ. ಜೀನ್ ಅಮ್ಡಾಲ್ ಎಂಬ ಕಂಪ್ಯೂಟರ್ ವಿನ್ಯಾಸಕ 1967ರಲ್ಲೇ ಇದನ್ನು ಹೇಳಿಬಿಟ್ಟಿದ್ದ. ಕೆಲಸದ ಅರ್ಧ ಭಾಗ ಹಂಚಲು ಬಾರದಿದ್ದರೆ, ನೀವು ಸಾವಿರ ಕೋರ್ ತಂದರೂ ಒಟ್ಟು ವೇಗ ಎರಡು ಪಟ್ಟು ದಾಟುವುದಿಲ್ಲ. ನನ್ನ ಜಿಯಾನ್‌ನ ಒಂದು ಕೋರ್ ಎಷ್ಟು ಓಡಿದರೂ 3.3 ಗಿಗಾಹರ್ಟ್ಸ್.

ಹಾಗಂತ ವೇಗ ಒಂದೇ ಕಾರಣವಾಗಿರಲಿಲ್ಲ. ಅದನ್ನು ತೋರಿಸಿಕೊಟ್ಟವನು ನನ್ನ ಅಕ್ಕನ ಮಗ. ಎಂಜಿನಿಯರಿಂಗ್ ಓದುತ್ತಾನೆ, ರಾತ್ರಿಯೆಲ್ಲ ಗೇಮ್ ಆಡುತ್ತಾನೆ. ಒಂದು ಭಾನುವಾರ ಸ್ಟುಡಿಯೊಗೆ ಬಂದವನು ನನ್ನ ಒದ್ದಾಟ ನೋಡಿ, "ಮಾಮಾ, ಆ ಕ್ಲಿಪ್ ಒಂದು ನನ್ನ ಲ್ಯಾಪ್‌ಟಾಪಿಗಿ ಹಾಕ್ರಿ ನೋಡಮ" ಅಂದ. ಅವನದು 12ನೇ ಪೀಳಿಗೆಯ ಇಂಟೆಲ್ ಐ5 ಲ್ಯಾಪ್‌ಟಾಪ್. ಹಾಕಿದೆ. ಪ್ಲೇ ಒತ್ತಿದ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಓಡಿತು! ನನಗೆ ಸಿಟ್ಟೇ ಬಂತು.

ಉತ್ತರ ಇಷ್ಟೇ. ಇಂಟೆಲ್‌ನ ಸಾಮಾನ್ಯ ಡೆಸ್ಕ್‌ಟಾಪ್ ಮತ್ತು ಲ್ಯಾಪ್‌ಟಾಪ್ ಪ್ರೊಸೆಸರ್‌ಗಳ ಒಳಗೇ ಒಂದು ಸಣ್ಣ ಗ್ರಾಫಿಕ್ಸ್ ಭಾಗ ಇರುತ್ತದೆ. ಅದರಲ್ಲಿ ಒತ್ತಿ ಕಟ್ಟಿದ ವಿಡಿಯೊ ಬಿಡಿಸುವುದಕ್ಕೆ ಅಂತಲೇ ಮಾಡಿದ ಯಂತ್ರ ಒಂದಿದೆ, ಹೆಸರು ಕ್ವಿಕ್ ಸಿಂಕ್. 11ನೇ ಪೀಳಿಗೆಯಿಂದ ಅದು 10 ಬಿಟ್ 4:2:2 ಎಚ್.265 ಅನ್ನೂ ಬಿಡಿಸುತ್ತದೆ. ನನ್ನ ಜಿಯಾನ್‌ನಲ್ಲಿ ಆ ಗ್ರಾಫಿಕ್ಸ್ ಭಾಗವೇ ಇಲ್ಲ. ಸರ್ವರ್‌ಗೆ ಯಾಕೆ ಬೇಕು, ಅದರ ಮುಂದೆ ಯಾರೂ ಕೂತು ವಿಡಿಯೊ ನೋಡುವುದಿಲ್ಲವಲ್ಲ. ನನ್ನ ಹತ್ತಿರ ಎನ್ವಿಡಿಯಾ ಆರ್‌ಟಿಎಕ್ಸ್ 3060 ಕಾರ್ಡ್ ಇತ್ತು. ಅದು 4:2:0 ಬಿಡಿಸುತ್ತಿತ್ತು, ಹಾಗಾಗಿ ಹಳೇ ಕ್ಯಾಮೆರಾದ ವಿಡಿಯೊ ಸಲೀಸಾಗಿ ಓಡುತ್ತಿತ್ತು. 4:2:2 ಅದಕ್ಕೆ ಬಾರದು. ಎಲ್ಲ ಭಾರ ಜಿಯಾನ್ ತಲೆ ಮೇಲೆ ಬೀಳುತ್ತಿತ್ತು.

ಕೆಲವು ತಿಂಗಳು ಪ್ರಾಕ್ಸಿ ಮಾಡಿಕೊಂಡು ಕಾಲ ತಳ್ಳಿದೆ. ಅಂದರೆ ಪ್ರತಿ ಕ್ಲಿಪ್‌ಗೂ ಸಣ್ಣ ಹಗುರ ನಕಲು ಮಾಡಿ ಅದರಲ್ಲಿ ಎಡಿಟ್ ಮಾಡುವುದು. ಕೆಲಸ ಆಗುತ್ತದೆ, ಆದರೆ ಎರಡು ದಿನದ ಮದುವೆಗೆ ಪ್ರಾಕ್ಸಿ ಆಗಲಿಕ್ಕೇ ಅರ್ಧ ರಾತ್ರಿ. ಟೀಸರ್ ಕೇಳುವ ಬೀಗರಿಗೆ ಏನು ಹೇಳುವುದು?

2024ರ ಆರಂಭದಲ್ಲಿ ಮತ್ತೆ ಹುಡುಕಾಟ. ಅಳಿಯ ಹೇಳಿದ್ದು ಎಎಮ್‌ಡಿ ರೈಜನ್ 7 7800ಎಕ್ಸ್3ಡಿ. ಗೇಮ್ ಆಡುವವರ ಕಣ್ಮಣಿ ಅದು. 8 ಕೋರ್, ಆದರೆ ಎಲ್3 ಕ್ಯಾಶ್, ಅಂದರೆ ಪ್ರೊಸೆಸರ್ ಒಳಗಿನ ಸಣ್ಣ ಮೆಮೊರಿ, 96 ಎಂಬಿ. ಗೇಮ್‌ಗಳು ಒಂದೇ ಮಾಹಿತಿಗೆ ಮತ್ತೆ ಮತ್ತೆ ಕೈ ಹಾಕುತ್ತವೆ, ಅದೆಲ್ಲ ಹತ್ತಿರದಲ್ಲೇ ಸಿಕ್ಕರೆ ಲಾಭ. ವಿಡಿಯೊ ಹಾಗಲ್ಲ, ಹೊಳೆ ಹರಿದ ಹಾಗೆ ಬಂದು ಹೋಗುತ್ತದೆ, ದೊಡ್ಡ ಕ್ಯಾಶ್‌ನಿಂದ ಹೇಳಿಕೊಳ್ಳುವಂಥದ್ದು ಏನೂ ಸಿಗದು. ಅದರಲ್ಲಿರುವ ಚಿಕ್ಕ ಗ್ರಾಫಿಕ್ಸ್‌ಗೆ 4:2:2 ಬಿಡಿಸುವುದೂ ಬಾರದು. ಗೇಮಿಂಗ್ ಪ್ರೊಸೆಸರ್ ಅನ್ನುವ ಒಂದೇ ಚೀಟಿ ಅಂಟಿಸಿ ಮಾರುವ ಸಾಮಾನುಗಳೊಳಗೇ ಎಷ್ಟು ಫರಕು ಇದೆ ನೋಡಿ.

ಇನ್ನೊಂದು ಆಸೆ ಎಎಮ್‌ಡಿಯದ್ದೇ ಥ್ರೆಡ್‌ರಿಪ್ಪರ್ 7960ಎಕ್ಸ್. 24 ಕೋರ್, 48 ಥ್ರೆಡ್, ವೇಗವೂ ಒಳ್ಳೆಯದು, ಜಿಯಾನ್‌ನ ಹಾಗೆ ಮುದಿ ಅಲ್ಲ. ಆದರೆ 350 ವ್ಯಾಟ್ ತಿನ್ನುತ್ತದೆ, ಬೋರ್ಡ್ ಬೇರೆ, ರ‍್ಯಾಮ್ ಸರ್ವರ್‌ಗೆ ಹಾಕುವ ರಿಜಿಸ್ಟರ್ಡ್ ಜಾತಿಯದೇ ಆಗಿರಬೇಕು. ಇಷ್ಟೆಲ್ಲ ಕೊಟ್ಟ ಮೇಲೂ ಅದರಲ್ಲಿ ಗ್ರಾಫಿಕ್ಸ್ ಭಾಗ ಇಲ್ಲ. ಲೆಕ್ಕ ಹಾಕಿದ ಅಣ್ಣ ಪೆನ್ನು ಕೆಳಗಿಟ್ಟು ಎದ್ದು ಹೋದ.

ಕೊನೆಗೆ ತಂದದ್ದು ಇಂಟೆಲ್ ಕೋರ್ ಐ7-14700ಕೆ. 8 ವೇಗದ ಕೋರ್, 12 ಚಿಕ್ಕ ಕೋರ್, ಸೇರಿ 28 ಥ್ರೆಡ್. ಹೌದು, ಜಿಯಾನ್‌ನಷ್ಟೇ 28! ಅಂಗಡಿಯ ಬಿಲ್ಲಿನಲ್ಲಿ ಎರಡೂ ಒಂದೇ ಸಂಖ್ಯೆ, ಕೆಲಸದಲ್ಲಿ ಅಜ್ಜ ಮೊಮ್ಮಗ. ಇದರ ಒಂದು ಕೋರ್ 5.6 ಗಿಗಾಹರ್ಟ್ಸ್‌ವರೆಗೆ ಹೋಗುತ್ತದೆ. ಅಷ್ಟೇ ಅಲ್ಲ, ಹೊಸ ಕೋರ್ ಒಂದು ಗಿಗಾಹರ್ಟ್ಸ್‌ನಲ್ಲಿ ಮಾಡುವ ಕೆಲಸವೇ ಹಳೆಯದಕ್ಕಿಂತ ಜಾಸ್ತಿ. ಕೊಳ್ಳುವಾಗ ಒಂದು ಅಕ್ಷರ ನೋಡಿಕೊಳ್ಳಿ. ಹೆಸರಿನ ಕೊನೆಗೆ ಕೆಎಫ್ ಅಂತ ಇದ್ದರೆ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ. ಅಂಗಡಿಯವರು ಕಡಿಮೆ ಬೆಲೆ ಅಂತ ಅದನ್ನೇ ಮುಂದಿಡುತ್ತಾರೆ, ನಮ್ಮ ಕೆಲಸಕ್ಕೆ ಅದು ಬೇಡ. ಜಿಯಾನ್‌ನ ರ‍್ಯಾಮ್ ಇಲ್ಲಿ ಹಾಕೋಣ ಅಂದುಕೊಂಡಿದ್ದೆ, ಅದೂ ಆಗಲಿಲ್ಲ. ಸರ್ವರ್‌ನ ರಿಜಿಸ್ಟರ್ಡ್ ರ‍್ಯಾಮ್ ಡೆಸ್ಕ್‌ಟಾಪ್ ಬೋರ್ಡ್‌ಗೆ ನಡೆಯುವುದಿಲ್ಲ. 32 ಜಿಬಿಯ ಎರಡು ಹೊಸ ಡಿಡಿಆರ್5 ಕಡ್ಡಿ ಹಾಕಿಸಿದೆ. ನಾಲ್ಕೂ ಸ್ಲಾಟ್ ತುಂಬಿದರೆ ರ‍್ಯಾಮ್ ವೇಗ ಇಳಿಯುತ್ತದೆ, ಅದಕ್ಕೇ ಎರಡೇ.

ಟೈಮ್‌ಲೈನ್ ಓಡಿತು. ಪ್ರಾಕ್ಸಿ ಬಿಟ್ಟೆ. ಅದರ ಬಗ್ಗೆ ಹೆಚ್ಚೇನು ಹೇಳುವುದಿಲ್ಲ.

ಹೇಳಬೇಕಾದದ್ದು ಬಿಸಿಲಿನ ಬಗ್ಗೆ. ಯೂಟ್ಯೂಬ್‌ನಲ್ಲಿ ಪ್ರೊಸೆಸರ್ ಪರೀಕ್ಷೆ ಮಾಡುವವರ ಕೋಣೆ 21, 22 ಡಿಗ್ರಿ ಇರುತ್ತದೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 42, 43. ಮೇಲೆ ಆರ್‌ಸಿಸಿ ಛತ್ತು. 14700ಕೆ ಪೂರ್ತಿ ಓಡಿದಾಗ 253 ವ್ಯಾಟ್‌ವರೆಗೆ ಎಳೆಯುತ್ತದೆ, ಕೆಲವು ಬೋರ್ಡ್‌ಗಳು ಆ ಮಿತಿಯನ್ನೂ ತಾವಾಗಿಯೇ ತೆಗೆದುಬಿಟ್ಟಿರುತ್ತವೆ. ನನ್ನ ಬೋರ್ಡ್ ಹಾಗೇ ಇತ್ತು. ಮೊದಲ ಬೇಸಿಗೆಯಲ್ಲಿ ಎಕ್ಸ್‌ಪೋರ್ಟ್ ಹಾಕಿದ ಒಂದು ನಿಮಿಷಕ್ಕೆ 100 ಡಿಗ್ರಿ. ಅಲ್ಲಿಗೆ ಮುಟ್ಟಿದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಅಂದರೆ ದುಡ್ಡು ಕೊಟ್ಟು ತಂದ ವೇಗ ಶಾಖವಾಗಿ ಕೋಣೆಗೆ ಹೋಯಿತು. ನೀರಿನ ಕೂಲರ್ ತಂದು ಕೋಣೆಯಲ್ಲಿ ಇಟ್ಟೆ, ದೊಡ್ಡ ತಪ್ಪು. ಹಸಿ ಗಾಳಿ, ಎರೆ ಮಣ್ಣಿನ ಧೂಳು, ಎರಡೂ ಸೇರಿ ಫ್ಯಾನಿನ ರೆಕ್ಕೆಗೆ ಕೆಸರಿನ ಹಾಗೆ ಮೆತ್ತಿಕೊಂಡವು.

ಆಮೇಲೆ ಬಯೋಸ್‌ಗೆ, ಅಂದರೆ ಬೋರ್ಡ್‌ನ ಸೆಟ್ಟಿಂಗ್‌ಗೆ, ಹೋಗಿ 160 ವ್ಯಾಟ್‌ಗೆ ಮಿತಿ ಹಾಕಿದೆ. ಎಕ್ಸ್‌ಪೋರ್ಟ್‌ಗೆ ಸ್ವಲ್ಪ ಸಮಯ ಜಾಸ್ತಿ ಹಿಡಿಯಿತು. ಎಡಿಟಿಂಗ್‌ನಲ್ಲಿ ವ್ಯತ್ಯಾಸ ಗೊತ್ತೇ ಆಗಲಿಲ್ಲ, ತಾಳಿ ಕಟ್ಟುವ ಕೆಲಸಕ್ಕೆ ಒಂದೆರಡು ಕೋರ್ ಸಾಕಲ್ಲ. ಕರೆಂಟ್ ಹೋದಾಗ ಕೈಕೊಡುತ್ತಿದ್ದ ಯುಪಿಎಸ್ ಕೂಡ ಆಮೇಲೆ ತಡೆದುಕೊಂಡಿತು. ಅದೇ 2024ರಲ್ಲಿ ಇಂಟೆಲ್‌ನ 13, 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಹೆಚ್ಚು ವೋಲ್ಟೇಜ್‌ನಿಂದ ಕೆಡುತ್ತಿವೆ ಎಂಬ ಸುದ್ದಿ ಬಂತು. ಕಂಪನಿ ಒಪ್ಪಿಕೊಂಡು ಆಗಸ್ಟ್‌ನಿಂದ ಬಯೋಸ್ ಮೂಲಕ ಮೈಕ್ರೋಕೋಡ್‌ಗೆ, ಅಂದರೆ ಪ್ರೊಸೆಸರ್ ಒಳಗಿನ ಸೂಚನೆಗಳಿಗೆ, ತಿದ್ದುಪಡಿ ಬಿಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ನನ್ನದು ಕೆಟ್ಟಿಲ್ಲ, ಆದರೂ ಬಯೋಸ್ ಅಪ್‌ಡೇಟ್ ಮಾಡಿಸಿದೆ. ಇವೇ ಪ್ರೊಸೆಸರ್ ಇಟ್ಟುಕೊಂಡವರು ಇನ್ನೂ ಮಾಡಿರದಿದ್ದರೆ ಇವತ್ತೇ ಮಾಡಿ.

ಇಷ್ಟು ಓದಿ ಜಿಯಾನ್ ಅಂದರೆ ಗುಜರಿ ಅಂದುಕೊಳ್ಳಬೇಡಿ. ಸೇಡಂ ಕಡೆಯ ನನ್ನ ಗೆಳೆಯನೊಬ್ಬ ಡ್ರೋನ್ ಸರ್ವೆ ಮಾಡುತ್ತಾನೆ. ಸುಣ್ಣದಕಲ್ಲಿನ ಗಣಿಗಳ ಮೇಲೆ ಹಾರಿಸಿ ಸಾವಿರಾರು ಫೋಟೊ ತೆಗೆದು, ಜೋಡಿಸಿ, ಎಷ್ಟು ಕಲ್ಲು ತೆಗೆದಿದ್ದಾರೆ ಅಂತ ಅಳತೆ ಕೊಡುತ್ತಾನೆ. ನನ್ನ ಹೊಸ ಕಂಪ್ಯೂಟರ್ ನೋಡಿ ಅಂಥದ್ದೇ ತಗೊಳ್ಳಲು ಹೊರಟಿದ್ದ. "ಮೊದಲು ಇಲ್ಲಿ ನಿನ್ನ ಕೆಲಸ ಹಾಕಿ ನೋಡೋ" ಅಂದೆ. ಹಾಕಿದ. ಮೂರು ಗಂಟೆ ಓಡಿ, 64 ಜಿಬಿ ರ‍್ಯಾಮ್ ತುಂಬಿ, ಪ್ರೋಗ್ರಾಮ್ ಮುಚ್ಚಿಕೊಂಡಿತು. ಅವನಿಗೆ ಬೇಕಾದದ್ದು ಓಟ ಅಲ್ಲ, ಜಾಗ. ಇಂಟೆಲ್ ಹೇಳುವ ಲೆಕ್ಕದಲ್ಲಿ 14700ಕೆಗೆ ಹೆಚ್ಚೆಂದರೆ 192 ಜಿಬಿ ಹಾಕಬಹುದು. ನನ್ನ ಮುದಿ ಜಿಯಾನ್ ಸರಿಯಾದ ಬೋರ್ಡ್ ಸಿಕ್ಕರೆ 1.5 ಟಿಬಿವರೆಗೆ ಹೊರುತ್ತದೆ. ಅವನು ಹಳೇ ವರ್ಕ್‌ಸ್ಟೇಷನ್ ಒಂದನ್ನು 256 ಜಿಬಿ ರ‍್ಯಾಮ್ ಸಮೇತ ತಂದ. ರ‍್ಯಾಮ್ ಇಸಿಸಿ, ಅಂದರೆ ಒಂದು ಬಿಟ್ ಕೆಟ್ಟರೆ ತಾನೇ ಸರಿಮಾಡಿಕೊಳ್ಳುತ್ತದೆ. ಸಂಜೆ ಹಚ್ಚಿ ಮನೆಗೆ ಹೋಗುತ್ತಾನೆ, ಬೆಳಿಗ್ಗೆ ಬಂದು ನೋಡುತ್ತಾನೆ. ಅವನದು ಪೂರ್ತಿ ಬಡಿಸುವ ಕೆಲಸ. ತಡವಾದರೂ ನಡೆಯುತ್ತದೆ, ನಡುವೆ ನಿಂತರೆ ನಡೆಯುವುದಿಲ್ಲ.

ಈಗ ಯಾರಾದರೂ ಕೇಳಿದರೆ ನಾನು ಪ್ರೊಸೆಸರ್ ಹೆಸರು ಹೇಳುವುದಿಲ್ಲ. ನಿಮ್ಮ ಹಳೇ ಕಂಪ್ಯೂಟರ್ ಮುಂದೆ ಒಂದು ವಾರ ಕೂತು, ಎಲ್ಲೆಲ್ಲಿ ಕಾಯುತ್ತೀರಿ ಅಂತ ಚೀಟಿಯಲ್ಲಿ ಬರೆದುಕೊಳ್ಳಿ ಅನ್ನುತ್ತೇನೆ. ಕಾಯುವಾಗ ಟಾಸ್ಕ್ ಮ್ಯಾನೇಜರ್ ತೆಗೆದಿರಲಿ. ಎಲ್ಲ ಚೌಕ ತುಂಬಿದ್ದರೆ ಕೋರ್ ಬೇಕು. ಒಂದೆರಡೇ ತುಂಬಿದ್ದರೆ ವೇಗ ಬೇಕು. ರ‍್ಯಾಮ್ ಗೆರೆ ಮೇಲೆ ಮುಟ್ಟಿದ್ದರೆ ಎರಡೂ ಬಿಟ್ಟು ರ‍್ಯಾಮ್ ಕಡೆ ನೋಡಿ. ಇದೇ ಕೆಲಸ ನಾನು 2022ರಲ್ಲಿ ಮಾಡಿದ್ದರೆ ಹೈದರಾಬಾದ್‌ಗೆ ಒಂದೇ ಸಲ ಹೋಗುತ್ತಿದ್ದೆ.

ನನ್ನ ಲೆಕ್ಕವೂ ಹಳೆಯದಾಗುತ್ತಾ ಬಂದಿದೆ. 2025ರಲ್ಲಿ ಬಂದ ಆರ್‌ಟಿಎಕ್ಸ್ 50 ಸರಣಿಯ ಕಾರ್ಡ್‌ಗಳು 4:2:2 ಅನ್ನು ತಾವೇ ಬಿಡಿಸುತ್ತವೆ. ಅಂಥ ಕಾರ್ಡ್ ಇದ್ದವರಿಗೆ ಕ್ವಿಕ್ ಸಿಂಕ್‌ನ ಹಂಗು ಅಷ್ಟಿಲ್ಲ, ರೈಜನ್ ಆದರೂ ನಡೆಯುತ್ತದೆ.

ಜಿಯಾನ್ ಇನ್ನೂ ಇದೆ. ವಿಂಡೋಸ್ 11ರ ಪಟ್ಟಿಯಲ್ಲಿ ಅದರ ಹೆಸರಿಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಳಿಯ ಲಿನಕ್ಸ್ ಹಾಕಿಕೊಟ್ಟ. ಬೋರ್ಡ್‌ನ ಒಂದು ರ‍್ಯಾಮ್ ಸ್ಲಾಟ್ ಸತ್ತಿದೆ, ಮಾರಿದವನ ಫೋನ್ ಹತ್ತುವುದಿಲ್ಲ, ಉಳಿದ 48 ಜಿಬಿಯಲ್ಲೇ ನಡೆದಿದೆ. ನಾಲ್ಕು ಹಾರ್ಡ್‌ಡಿಸ್ಕ್ ಸಿಕ್ಕಿಸಿ ಎಲ್ಲ ಮದುವೆಗಳ ಫುಟೇಜ್ ಅದರಲ್ಲಿ ಇಟ್ಟಿದ್ದೇವೆ. ಅಣ್ಣ ಅದನ್ನು ಈಗಲೂ ಬ್ಯಾಂಕಿಂದು ಅಂತಲೇ ಕರೆಯುತ್ತಾನೆ.