ಹುಲ್ಲಿನಿಂದ ಹುರಿ, ಹುರಿಯಿಂದ ಪುಸ್ತಕ

ಮಕ್ಕಳಿಗೆ ಮನೆಯಲ್ಲೇ ಪಾಠ ಶುರು ಮಾಡಿದ ಹೊಸತರಲ್ಲಿ ನಾನು ಒಂದು ದೊಡ್ಡ ಡಬ್ಬಿ ತುಂಬ ಸಾಮಾನು ತಂದಿಟ್ಟಿದ್ದೆ. ಬಣ್ಣದ ಕಾಗದ, ಮಿನುಗುಪುಡಿ, ಅಂಟು, ಪ್ಲಾಸ್ಟಿಕ್ ಕಣ್ಣುಗಳು. ನಾನು ತೋರಿಸಿದ ಹಾಗೆ ಮಕ್ಕಳು ಕತ್ತರಿಸಿದರು, ಅಂಟಿಸಿದರು. ಗೂಬೆ ಗೂಬೆಯ ಹಾಗೇ ಬಂತು. ಹತ್ತು ನಿಮಿಷಕ್ಕೆ ಆಟ ಮುಗಿಯಿತು. ಆಮೇಲೆ ಆ ಗೂಬೆಯನ್ನು ಯಾರೂ ತಿರುಗಿ ನೋಡಲಿಲ್ಲ.

ಅದೇ ಮಕ್ಕಳು ಒಂದು ಹಿಡಿ ಒಣಹುಲ್ಲು ಹೊಸೆಯುತ್ತಾ ಇಡೀ ಮಧ್ಯಾಹ್ನ ಕೂತರು. ಯಾಕೆ ಅಂತ ಆಮೇಲೆ ಯೋಚಿಸಿದೆ. ಗೂಬೆ ಚೆನ್ನಾಗಿದೆಯೋ ಇಲ್ಲವೋ ಎಂದು ನಾನು ಹೇಳಬೇಕಿತ್ತು. ಹುರಿಯ ವಿಷಯದಲ್ಲಿ ಹಾಗಲ್ಲ. ಎಳೆದು ನೋಡಿದರೆ ಅದೇ ಹೇಳಿಬಿಡುತ್ತದೆ. ಅಮ್ಮ ಶಹಬ್ಬಾಸ್ ಅಂದರೂ ಸಡಿಲ ಹುರಿ ಬಿಚ್ಚಿಕೊಳ್ಳುತ್ತದೆ.

ಅಂಥ ನಾಲ್ಕು ಕೆಲಸಗಳನ್ನು ಇಲ್ಲಿ ಹೇಳುತ್ತೇನೆ. ಬಿಡಿಬಿಡಿಯಾಗಿಯೂ ಮಾಡಬಹುದು. ಆದರೆ ಒಂದರಿಂದ ಇನ್ನೊಂದಕ್ಕೆ ಹೋದರೆ ಕೊನೆಗೆ ಮಗುವಿನ ಕೈಯಲ್ಲಿ ಒಂದು ಪುಸ್ತಕ ಇರುತ್ತದೆ. ಅದರ ಕಾಗದ, ಅದರ ಹುರಿ, ಒಳಗಿನ ಚಿತ್ರ ಎಲ್ಲವೂ ಅದೇ ಮಗು ಮಾಡಿದ್ದು. ವಾರಕ್ಕೆ ಒಂದರಂತೆ ಇಟ್ಟುಕೊಂಡರೆ ಒಂದು ತಿಂಗಳು ಬೇಕು. ಆತುರ ಬೇಡ. ಮನೆಪಾಠದ ದೊಡ್ಡ ಅನುಕೂಲ ಎಂದರೆ ಗಂಟೆ ಬಾರಿಸುವವರು ಯಾರೂ ಇಲ್ಲದಿರುವುದು, ಅಲ್ವಾ?

ಹುರಿ ಹೊಸೆಯುವುದು

ಉದ್ದನೆಯ ನಾರು ಇರುವ ಯಾವುದಾದರೂ ಸರಿ. ಉದ್ದ ಹುಲ್ಲು, ಒಣಗಿದ ಬಾಳೆಪಟ್ಟೆ, ಜೋಳದ ತೆನೆಯ ಮೇಲಿನ ಸಿಪ್ಪೆ. ಹೊಸೆಯುವ ಮೊದಲು ಎರಡು ಬೆರಳಲ್ಲಿ ಹಿಡಿದು ಎಳೆದು ನೋಡಲಿ. ಪಟ್ಟನೆ ತುಂಡಾದರೆ ಅದು ಬೇಡ.

ಹಸಿ ಹುಲ್ಲನ್ನೇ ತಂದು ಹೊಸೆಯಲು ಹೋಗಬೇಡಿ. ನಮ್ಮ ಮೊದಲ ಹುರಿ ಹಾಗೇ ಹಾಳಾಯಿತು. ಹಸಿಯಾಗಿದ್ದಾಗ ಬಿಗಿಯಾಗಿಯೇ ಇತ್ತು. ಒಣಗಿದಾಗ ನಾರು ಕುಗ್ಗಿ, ನುಲಿಗಳ ನಡುವೆ ಸಂದು ಬಿದ್ದು, ಮೂರನೇ ದಿನಕ್ಕೆ ಸಡಿಲವಾಗಿ ಜೋಲಾಡಿತು. ಮೊದಲು ಪೂರ್ತಿ ಒಣಗಿಸಿ. ಹೊಸೆಯುವ ಅರ್ಧ ಗಂಟೆ ಮೊದಲು ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಬಾಗಿಸಿದರೆ ಮುರಿಯದಷ್ಟು ಮೆತ್ತಗಾದರೆ ಸಾಕು.

ಈಗ ಪೆನ್ಸಿಲಿನ ಅರ್ಧದಷ್ಟು ದಪ್ಪದ ಒಂದು ಕಟ್ಟು ನಾರನ್ನು ತೆಗೆದುಕೊಂಡು ಮಡಚಿ. ಸರಿಯಾಗಿ ನಡುವಿಗೆ ಮಡಚಬಾರದು. ಒಂದು ತುದಿ ಉದ್ದ, ಇನ್ನೊಂದು ಗಿಡ್ಡ ಇರಲಿ. ನಡುವಿಗೆ ಮಡಚಿದರೆ ಎರಡೂ ಎಳೆಗಳು ಒಂದೇ ಜಾಗದಲ್ಲಿ ಮುಗಿಯುತ್ತವೆ, ಎರಡಕ್ಕೂ ಅಲ್ಲೇ ಹೊಸ ನಾರು ಸೇರಿಸಬೇಕಾಗುತ್ತದೆ, ಹುರಿ ಅಲ್ಲೇ ಕಿತ್ತುಹೋಗುತ್ತದೆ.

ಮಡಿಕೆಯನ್ನು ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿಯಿರಿ. ಎರಡು ಎಳೆಗಳು ಬಲಕ್ಕೆ ಚಾಚಿರುತ್ತವೆ. ಆಚೆ ಕಡೆಯ ಎಳೆಯನ್ನು ಬಲಗೈಯಲ್ಲಿ ಹಿಡಿದು ನಿಮ್ಮಿಂದ ಆಚೆಗೆ ನುಲಿಯಿರಿ. ಬಿಗಿಯಾದ ಮೇಲೆ ಅದನ್ನು ಈಚೆಯ ಎಳೆಯ ಮೇಲಿನಿಂದ ನಿಮ್ಮ ಕಡೆಗೆ ತನ್ನಿ. ಈಗ ಎಳೆಗಳು ಜಾಗ ಬದಲಾಯಿಸಿಕೊಂಡವು. ಹೊಸದಾಗಿ ಆಚೆಗೆ ಹೋದ ಎಳೆಯನ್ನು ಮತ್ತೆ ಆಚೆಗೆ ನುಲಿಯಿರಿ, ಮತ್ತೆ ಈಚೆಗೆ ತನ್ನಿ. ಇಷ್ಟೇ. ಆಚೆಗೆ ನುಲಿ, ಈಚೆಗೆ ತಾ. ಮಕ್ಕಳು ಇದನ್ನೇ ಹಾಡು ಮಾಡಿಕೊಳ್ಳುತ್ತಾರೆ, ಬೇಡ ಅನ್ನಬೇಡಿ.

ಗಿಡ್ಡ ಎಳೆ ಮುಗಿಯಲು ನಾಲ್ಕು ಬೆರಳಷ್ಟು ಇರುವಾಗಲೇ ಅದರ ಪಕ್ಕಕ್ಕೆ ಹೊಸ ನಾರು ಇಟ್ಟು ಎರಡನ್ನೂ ಸೇರಿಸಿ ನುಲಿಯಿರಿ. ಗಂಟು ಹಾಕುವುದು ಬೇಡ.

ಅಂಟಿಲ್ಲ, ಗಂಟಿಲ್ಲ, ಮತ್ತೆ ಇದು ಬಿಚ್ಚಿಕೊಳ್ಳುವುದಿಲ್ಲ ಯಾಕೆ? ನುಲಿದ ಒಂದೊಂದು ಎಳೆಯೂ ವಾಪಸ್ ಬಿಚ್ಚಿಕೊಳ್ಳಲು ನೋಡುತ್ತದೆ. ಆದರೆ ಎರಡೂ ಒಂದರ ಮೇಲೊಂದು ಸುತ್ತಿಕೊಂಡಿರುವುದು ಉಲ್ಟಾ ದಿಕ್ಕಿನಲ್ಲಿ. ಎಳೆ ಬಿಚ್ಚಿಕೊಳ್ಳಲು ಹೋದಷ್ಟೂ ಸುತ್ತು ಬಿಗಿಯಾಗುತ್ತದೆ. ಇದನ್ನು ನೀವೇ ಮೊದಲು ಹೇಳಿಬಿಡಬೇಡಿ. ಒಂದು ಹುರಿಯನ್ನು ಬೇಕೆಂದೇ ಎರಡೂ ಸಲ ಒಂದೇ ದಿಕ್ಕಿಗೆ ನುಲಿದು ಕೈಬಿಡಲು ಹೇಳಿ. ಅದು ಸರ್ರನೆ ಬಿಚ್ಚಿಕೊಳ್ಳುವುದನ್ನು ನೋಡಿದರೆ ಸಾಕು.

ಫ್ರಾನ್ಸಿನ ಒಂದು ಬಂಡೆಯಾಸರೆಯಲ್ಲಿ ಸಿಕ್ಕ ಹುರಿಯ ತುಣುಕಿನ ಬಗ್ಗೆ 2020ರಲ್ಲಿ ಸಂಶೋಧಕರು ಬರೆದರು. ಮರದ ತೊಗಟೆಯ ನಾರಿನದು, ಮೂರು ಎಳೆಯದು, ಉದ್ದ ಬರೀ 6 ಮಿಲಿಮೀಟರ್. ವಯಸ್ಸು 41 ಸಾವಿರದಿಂದ 52 ಸಾವಿರ ವರ್ಷ. ಅಂದರೆ ಅದನ್ನು ಹೊಸೆದವರು ನಿಯಾಂಡರ್ತಾಲ್ ಮಂದಿ, ಈಗ ಅಳಿದುಹೋಗಿರುವ, ನಮ್ಮ ಹತ್ತಿರದ ಸಂಬಂಧಿಗಳಾದ ಆದಿಮಾನವರು. ಅಲ್ಲಿಯೂ ಒಂದೊಂದು ಎಳೆಯ ನುಲಿ ಒಂದು ದಿಕ್ಕಿಗೆ, ಮೂರೂ ಸೇರಿದ ನುಲಿ ಅದರ ಉಲ್ಟಾ ದಿಕ್ಕಿಗೆ. ಇದನ್ನು ಕೇಳಿದ ಮೇಲೆ ನನ್ನ ದೊಡ್ಡವನು ಮೂರು ಎಳೆಯದ್ದನ್ನೇ ಮಾಡುತ್ತೇನೆ ಎಂದು ಹಟ ಹಿಡಿದ. ಮಾಡಲಿ. ಚಿಕ್ಕವರಿಗೆ ಎರಡು ಎಳೆ ಸಾಕು. ಆರು ವರ್ಷದೊಳಗಿನವರಿಗೆ ನುಲಿಯುವುದು ಕಷ್ಟ ಆದರೆ ಮಡಿಕೆಯ ತುದಿ ಹಿಡಿದುಕೊಳ್ಳುವ ಕೆಲಸ ಕೊಡಿ.

ಹುರಿಯ ವೃತ್ತ

ಒಂದು ಮೀಟರ್ ಹುರಿ ಆದ ಮೇಲೆ ಅದರ ಎರಡು ತುದಿ ಸೇರಿಸಿ ನೆಲದ ಮೇಲೆ ದುಂಡಗೆ ಇಡಿ. ಅಡ್ಡಳತೆ ಸುಮಾರು 32 ಸೆಂಟಿಮೀಟರ್ ಬರುತ್ತದೆ. ಲೆಕ್ಕ ಕಲಿತ ಮಗುವಾದರೆ ಅಳೆಯುವ ಮೊದಲೇ ಎಷ್ಟು ಬರಬಹುದು ಎಂದು ಕೇಳಿ.

ಇನ್ನು ಕೆಲಸ ಏನೆಂದರೆ, ಆ ವೃತ್ತದ ಒಳಗೆ ಇರುವುದನ್ನು ಮಾತ್ರ ಇಪ್ಪತ್ತು ನಿಮಿಷ ನೋಡುವುದು. ಮೊದಲ ಐದು ನಿಮಿಷ ಬೇಜಾರು. ಇಲ್ಲಿ ಏನೂ ಇಲ್ಲ ಎಂಬ ದೂರು ಬಂದೇ ಬರುತ್ತದೆ. ಸುಮ್ನೆ ಇರಿ. ಆಮೇಲೆ ಒಂದು ಇರುವೆ ಬರುತ್ತದೆ, ಅದರ ಹಿಂದೆ ಇನ್ನೊಂದು. ಒಂದು ಎಲೆಯ ಅಂಚು ಯಾರೋ ತಿಂದ ಹಾಗಿದೆ. ತಿಂದವರು ಎಲ್ಲಿ? ಎಲೆ ಮಗುಚಿ ನೋಡಿದರೆ ಕೆಲವೊಮ್ಮೆ ಅಲ್ಲೇ ಇರುತ್ತಾರೆ.

ಕಂಡದ್ದನ್ನು ಬರೆಯಬೇಕು ಅಥವಾ ಚಿತ್ರಿಸಬೇಕು. ತಾರೀಕು, ಹೊತ್ತು ಇರಲೇಬೇಕು. ಹೆಸರು ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಕಾಲು ಎಷ್ಟು, ರೆಕ್ಕೆ ಇದೆಯೋ, ಎತ್ತ ಹೋಯಿತು, ಇಷ್ಟು ಸಾಕು. ದೊಡ್ಡವರು ಪಕ್ಕದಲ್ಲಿ ಕೂತು ಹೆಸರು ಹೇಳುತ್ತಾ ಹೋದರೆ ಮಗು ಹುಳುವನ್ನು ಬಿಟ್ಟು ನಮ್ಮ ಮುಖ ನೋಡಲು ಶುರು ಮಾಡುತ್ತದೆ. ನನಗೆ ಈ ಚಾಳಿ ಬಿಡಲು ಬಹಳ ದಿನ ಬೇಕಾಯಿತು. ಬಾಯಿ ತಡೆಯದಿದ್ದರೆ ನೀವೂ ಒಂದು ಹುರಿ ಹಾಕಿಕೊಂಡು ದೂರ ಕೂರಿ.

ಮುಂದಿನ ವಾರ ಅದೇ ಜಾಗಕ್ಕೆ ಹೋಗಿ. ಹೊಸ ಜಾಗಕ್ಕಿಂತ ಹಳೆ ಜಾಗದಲ್ಲೇ ಜಾಸ್ತಿ ಕಾಣುತ್ತದೆ, ಯಾಕೆಂದರೆ ಬದಲಾದದ್ದು ಕಣ್ಣಿಗೆ ಬೀಳುತ್ತದೆ.

ಕೆಲವು ಎಚ್ಚರಿಕೆಗಳು ಇವೆ. ಬಿಲಕ್ಕೆ ಕೈ ಹಾಕಬಾರದು. ಕಲ್ಲು ಎತ್ತುವುದಾದರೆ ಕೈಯಿಂದ ಅಲ್ಲ, ಕೋಲಿನಿಂದ, ಅದೂ ದೊಡ್ಡವರು ಇದ್ದಾಗ. ಎತ್ತಿದ್ದನ್ನು ಹಾಗೇ ವಾಪಸ್ ಇಡಬೇಕು. ಮುರಿದರೆ ಹಾಲು ಬರುವ ಗಿಡ ಮತ್ತು ಗುರುತಿಲ್ಲದ ಅಣಬೆ ಮುಟ್ಟಬಾರದು. ಮನೆಗೆ ಬಂದ ಕೂಡಲೇ ಸೋಪು ಹಾಕಿ ಕೈ ತೊಳೆಯಬೇಕು.

ಎಲೆಯ ಅಚ್ಚು

ವೃತ್ತದ ಒಳಗಿನ ಎಲೆಗಳಲ್ಲಿ ಎರಡು ಮೂರನ್ನು ಮಾತ್ರ ತನ್ನಿ. ಬಿಳಿ ಹತ್ತಿ ಬಟ್ಟೆಯ ತುಂಡನ್ನು ಗಟ್ಟಿ ಹಲಗೆಯ ಮೇಲೆ ಹಾಸಿ, ಎಲೆ ಇಟ್ಟು, ಬಟ್ಟೆಯ ಇನ್ನರ್ಧವನ್ನು ಅದರ ಮೇಲೆ ಮಡಚಿ. ಸುತ್ತಿಗೆಯಿಂದ ಅಥವಾ ನುಣುಪಾದ ಗುಂಡುಕಲ್ಲಿನಿಂದ ಅಂಚಿನಿಂದ ಶುರು ಮಾಡಿ ಒಳಕ್ಕೆ ಮೆಲ್ಲಗೆ ಕುಟ್ಟಿ. ಹಸಿರು ಬಟ್ಟೆಯ ಮೇಲೆ ಮೂಡುವುದು ಕಾಣುತ್ತದೆ. ಬಿಡಿಸಿದರೆ ಎರಡು ಅಚ್ಚು, ಒಂದು ಇನ್ನೊಂದರ ಕನ್ನಡಿ.

ದಪ್ಪ ಮೇಣದ ಹೊದಿಕೆಯ ಎಲೆ ಅಚ್ಚು ಬಿಡುವುದಿಲ್ಲ. ಜಾಸ್ತಿ ರಸ ಇರುವ ಎಲೆ ಕಲೆಯಾಗಿ ಹರಡಿಬಿಡುತ್ತದೆ. ಯಾವುದು ಹೇಗೆ ಎಂದು ಕುಟ್ಟಿಯೇ ತಿಳಿಯಬೇಕು. ಬಟ್ಟೆಯನ್ನು ಮೊದಲೇ ಪಟಿಕದ ನೀರಲ್ಲಿ ನೆನೆಸಿ ಒಣಗಿಸಿಕೊಂಡರೆ ಬಣ್ಣ ಸ್ವಲ್ಪ ಹೆಚ್ಚು ಕಾಲ ಹಿಡಿಯುತ್ತದೆ. ಆದರೂ ಬಿಸಿಲಿಗೆ ಹಸಿರು ಕಂದಾಗುತ್ತದೆ. ಅದನ್ನೂ ತಾರೀಕು ಹಾಕಿ ಬರೆದಿಡಲಿ.

ಬಣ್ಣ ಬಿಸಿಲಿಗೆ ಮಾಸುವುದನ್ನೇ ಉಪಯೋಗಿಸಿಕೊಳ್ಳಲೂಬಹುದು. ಕಡು ಬಣ್ಣದ ಅಗ್ಗದ ಕ್ರಾಫ್ಟ್ ಕಾಗದದ ಮೇಲೆ ಎಲೆ ಇಟ್ಟು, ಮೇಲೆ ಗಾಜಿನ ತುಂಡು ಹೇರಿ, ಕೆಲವು ದಿನ ಬಿಸಿಲಲ್ಲಿ ಬಿಡಿ. ಸುತ್ತಲಿನ ಬಣ್ಣ ಮಾಸಿ ಎಲೆಯ ಆಕಾರ ಗಾಢವಾಗಿ ಉಳಿಯುತ್ತದೆ. ಕಬ್ಬಿಣದ ಲವಣ ಸವರಿದ ಕಾಗದದಲ್ಲಿ ಬಿಸಿಲಿನಿಂದ ನೀಲಿ ಅಚ್ಚು ತೆಗೆಯುವ ಸಯನೊಟೈಪ್ ವಿಧಾನವನ್ನು ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದರು. ಮರುವರ್ಷವೇ ಆನಾ ಆಟ್ಕಿನ್ಸ್ ಎಂಬ ಸಸ್ಯಶಾಸ್ತ್ರಜ್ಞೆ ಅದರಿಂದ ಕಡಲಪಾಚಿಗಳ ಅಚ್ಚು ತೆಗೆದು ಪುಸ್ತಕ ಹೊರತರಲು ಶುರು ಮಾಡಿದರು. ನಮ್ಮ ಪುಸ್ತಕಕ್ಕೆ ಕುಟ್ಟಿದ ಬಟ್ಟೆಯೇ ಸಾಕು.

ಕಾಗದ ಮಾಡುವುದು

ಇದು ಮನೆಯೆಲ್ಲ ಒದ್ದೆಯಾಗುವ ಕೆಲಸ. ಹೊರಗಡೆ ಇಟ್ಟುಕೊಳ್ಳಿ.

ಹಿಂದಿನ ರಾತ್ರಿಯೇ ಬರೆದು ಮುಗಿದ ನೋಟುಪುಸ್ತಕದ ಹಾಳೆ ಅಥವಾ ಹಳೆ ಪತ್ರಿಕೆಯನ್ನು ಬೆರಳುಗುರಿನಷ್ಟು ಚೂರು ಮಾಡಿ ನೆನೆಹಾಕಿ. ಹೊಳಪಿನ ಕಾಗದ ಬೇಡ. ಕತ್ತರಿ ಬೇಡ, ಕೈಯಿಂದ ಹರಿಯಲಿ. ಹರಿದ ಅಂಚನ್ನು ಬೆಳಕಿಗೆ ಹಿಡಿದರೆ ಕೂದಲಿನಂಥ ನಾರು ಕಾಣುತ್ತದೆ. ಹುರಿ ಹೊಸೆದ ಮಗು ಅದನ್ನು ತಾನೇ ಗುರುತಿಸುತ್ತದೆ.

ಬೆಳಿಗ್ಗೆ ಒಂದು ಹಿಡಿ ನೆನೆದ ಕಾಗದಕ್ಕೆ ಜಾರ್ ತುಂಬ ನೀರು ಹಾಕಿ ಮಿಕ್ಸಿಯಲ್ಲಿ ತಿರುಗಿಸಿ. ಇದು ದೊಡ್ಡವರ ಕೆಲಸ, ಮತ್ತೆ ಅಡುಗೆಗೆ ಬಳಸದ ಹಳೆ ಜಾರ್ ಇರಲಿ. ಮಿಕ್ಸಿ ಇಲ್ಲದಿದ್ದರೆ ಕುಟ್ಟಬಹುದು. ಮಕ್ಕಳಿಗೆ ಕುಟ್ಟುವುದೇ ಇಷ್ಟ. ಈ ತಿರುಳನ್ನು ಅಗಲವಾದ ಟಬ್ಬಿಗೆ ಸುರಿದು ತೆಳ್ಳಗಿನ ಗಂಜಿಯಷ್ಟು ನೀರಾಗುವಂತೆ ಮಾಡಿ.

ಒಂದೇ ಅಳತೆಯ ಎರಡು ಮರದ ಚೌಕಟ್ಟು ಬೇಕು. ಹಳೆ ಫೋಟೋ ಫ್ರೇಮ್ ಆದೀತು. ಒಂದಕ್ಕೆ ಸೊಳ್ಳೆಪರದೆಯ ಬಲೆಯನ್ನು ಬಿಗಿಯಾಗಿ ಎಳೆದು ಪಿನ್ ಹೊಡೆಯಿರಿ. ಬಲೆ ಮೇಲಕ್ಕೆ ಬರುವಂತೆ ಹಿಡಿದು ಅದರ ಮೇಲೆ ಬರೀ ಚೌಕಟ್ಟನ್ನು ಇಡಿ. ತಿರುಳನ್ನು ಕೈಯಿಂದ ಒಮ್ಮೆ ಕಲಕಿ, ಎರಡನ್ನೂ ಜೋಡಿಸಿ ಹಿಡಿದು ಟಬ್ಬಿನೊಳಗೆ ಓರೆಯಾಗಿ ಇಳಿಸಿ, ತಳದಲ್ಲಿ ಸಮ ಮಾಡಿ, ನೇರ ಮೇಲೆತ್ತಿ. ನೀರು ಸೋರುವಾಗ ಎಡಬಲಕ್ಕೆ ಒಂದು ಸಲ, ಹಿಂದೆಮುಂದೆ ಒಂದು ಸಲ ಮೆಲ್ಲಗೆ ಅಲ್ಲಾಡಿಸಿ. ನಾರುಗಳು ಒಂದಕ್ಕೊಂದು ಅಡ್ಡಡ್ಡ ಕೂರಬೇಕು. ನೀರು ತೊಟ್ಟಿಕ್ಕುವುದು ನಿಂತ ಮೇಲೆ ಅಲ್ಲಾಡಿಸಿದರೆ ಹಾಳೆ ಹರಿಯುತ್ತದೆ.

ಮೇಲಿನ ಚೌಕಟ್ಟು ತೆಗೆದು, ಬಲೆಯನ್ನು ಒದ್ದೆ ಬಟ್ಟೆಯ ಮೇಲೆ ಮಗುಚಿ ಹಾಕಿ. ಹಿಂದಿನಿಂದ ಸ್ಪಂಜಿನಲ್ಲಿ ಒತ್ತಿ ಒತ್ತಿ ನೀರು ಹೀರಿ. ಒಂದು ಮೂಲೆಯಿಂದ ಬಲೆ ಎತ್ತಿದರೆ ಹಾಳೆ ಬಟ್ಟೆಗೆ ಅಂಟಿಕೊಂಡು ಉಳಿಯುತ್ತದೆ. ಮೊದಲ ಮೂರು ನಾಲ್ಕು ಹಾಳೆ ಹಾಳಾಗುತ್ತವೆ. ಹಾಳಾದದ್ದನ್ನು ವಾಪಸ್ ಟಬ್ಬಿಗೆ ಹಾಕಿ ಕಲಕಿದರೆ ಮುಗಿಯಿತು. ತಪ್ಪಿಗೆ ಇಷ್ಟು ಕಡಿಮೆ ಬೆಲೆ ಇರುವ ಕೆಲಸ ಬೇರೆ ನಾನು ಕಾಣೆ.

ಹಾಳೆಗಳ ನಡುವೆ ಬಟ್ಟೆ ಹಾಕಿ ಪೇರಿಸಿ, ಮೇಲೆ ಹಲಗೆ ಇಟ್ಟು ಮಕ್ಕಳನ್ನೇ ಹತ್ತಿ ನಿಲ್ಲಲು ಹೇಳಿ. ಆಮೇಲೆ ಬಿಸಿಲಿಗೆ ಹಾಕಿ. ಇಲ್ಲೂ ಅಂಟು ಇಲ್ಲ. ನೀರು ಆರುತ್ತಾ ಹೋದಂತೆ ನಾರುಗಳು ಹತ್ತಿರ ಬಂದು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಗಿಡದ ನಾರಿನ ಸೆಲ್ಯುಲೋಸಿಗೆ ಆ ಗುಣ ಇದೆ. ಕುಟ್ಟಿದಷ್ಟೂ ನಾರು ಗಿಡ್ಡವಾಗುತ್ತದೆ, ಅದಕ್ಕೇ ಕಾಗದವನ್ನು ಮತ್ತೆ ಮತ್ತೆ ಕಾಗದ ಮಾಡಿದಷ್ಟೂ ಬಡವಾಗುತ್ತದೆ.

ಚೀನಾದಲ್ಲಿ ಕ್ರಿ.ಶ. 105ರಲ್ಲಿ ಸಾಯ್ ಲುನ್ ಎಂಬ ಅಧಿಕಾರಿ ಕಾಗದ ಮಾಡುವ ವಿಧಾನವನ್ನು ಅರಸನಿಗೆ ಒಪ್ಪಿಸಿದ ಎನ್ನುತ್ತಾರೆ. ಚಿಂದಿ ಬಟ್ಟೆ, ತೊಗಟೆ, ಹಳೆ ಮೀನುಬಲೆ ಅವನ ಕಚ್ಚಾ ಸಾಮಾನು. ಯುರೋಪಿನಲ್ಲಂತೂ ಬಹಳ ಕಾಲ ಚಿಂದಿಯಿಂದಲೇ ಕಾಗದ ಆಗುತ್ತಿತ್ತು. ಮರದಿಂದ ಮಾಡಬಹುದಲ್ಲ ಎಂದು 1719ರಲ್ಲಿ ಫ್ರಾನ್ಸಿನ ವಿಜ್ಞಾನಿ ರೆಯೋಮ್ಯೂರ್ ಹೇಳಿದ್ದು ಕಣಜದ ಗೂಡನ್ನು ನೋಡಿ. ಕಣಜ ಮರವನ್ನು ಕೆರೆದು, ಎಂಜಲಲ್ಲಿ ಕಲಸಿ, ಕಾಗದದಂಥ ಗೂಡು ಕಟ್ಟುತ್ತದೆ. ಖಾಲಿ ಬಿದ್ದ ಹಳೆ ಗೂಡು ಸಿಕ್ಕರೆ ನಿಮ್ಮ ಹಾಳೆಯ ಪಕ್ಕ ಇಟ್ಟು ನೋಡಿ. ಖಾಲಿ ಹೌದೋ ಎಂದು ನೀವೇ ಖಾತ್ರಿ ಮಾಡಿಕೊಳ್ಳಿ, ಮಕ್ಕಳನ್ನು ಕಳಿಸಬೇಡಿ.

ಇನ್ನೊಂದು ಮಾತು. ಉಳಿದ ತಿರುಳನ್ನು ಸಿಂಕಿಗೆ ಸುರಿಯಬೇಡಿ. ನಾನು ಸುರಿದೆ. ಕೊಳವೆಯೊಳಗೆ ಅದು ಕಾಗದವಾಯಿತು. ಬಟ್ಟೆಯಲ್ಲಿ ಸೋಸಿ, ಹಿಂಡಿ, ಉಂಡೆ ಕಟ್ಟಿ ಒಣಗಿಸಿಟ್ಟರೆ ಮುಂದಿನ ಸಲಕ್ಕೆ ಆಗುತ್ತದೆ.

ಹಾಳೆ ಒಣಗಲು ಕಾಯುವ ಹೊತ್ತಿನಲ್ಲಿ ಪಕ್ಕದಲ್ಲೇ ಒಂದು ಕೋಲು ನೆಟ್ಟು ಅದರ ನೆರಳಿನ ತುದಿಗೆ ಗಂಟೆಗೊಂದು ಕಲ್ಲು ಇಡಿಸಿ. ಮೊದಲ ಕಲ್ಲಿನಿಂದ ಎರಡನೆಯದಕ್ಕೆ ಗೆರೆ ಎಳೆದರೆ ಅದು ಹೆಚ್ಚುಕಡಿಮೆ ಪಶ್ಚಿಮದಿಂದ ಪೂರ್ವಕ್ಕೆ ಹೋಗುತ್ತದೆ. ನೆರಳು ಅತಿ ಗಿಡ್ಡವಾಗುವ ಹೊತ್ತು ಗಡಿಯಾರದ ಹನ್ನೆರಡಕ್ಕೆ ಸರಿಯಾಗಿ ಹೊಂದುವುದು ಅಪರೂಪ. ಯಾಕೆ ಎಂಬುದು ಇನ್ನೊಂದು ದಿನದ ಪಾಠ.

ಹೊಲಿಗೆ

ಕೈಕಾಗದ ದಪ್ಪ, ಆದ್ದರಿಂದ ಐದು ಹಾಳೆಗಿಂತ ಹೆಚ್ಚು ಬೇಡ. ಎಲ್ಲವನ್ನೂ ಒಟ್ಟಿಗೆ ನಡುವಿಗೆ ಮಡಚಿ. ಮಡಿಕೆಯ ಗುಂಟ ದಬ್ಬಣದಿಂದ ಮೂರು ತೂತು, ಒಂದು ನಡುವೆ, ಎರಡು ಅಂಚಿನ ಹತ್ತಿರ. ತೆಳ್ಳಗೆ ಹೊಸೆದ ಹುರಿ ಇದ್ದರೆ ದಬ್ಬಣದ ಕಣ್ಣಿಗೆ ಹೋಗುತ್ತದೆ. ದಪ್ಪವಾಗಿದ್ದರೆ ನೂಲಿನಿಂದ ಹೊಲಿದು, ಹುರಿಯನ್ನು ಹೊರಗೆ ಸುತ್ತಿ ಕಟ್ಟಲು ಇಟ್ಟುಕೊಳ್ಳಿ.

ಒಳಗಿನಿಂದ ನಡುವಿನ ತೂತಿಗೆ ಹೊರಕ್ಕೆ. ಹೊರಗಿನಿಂದ ಮೇಲಿನ ತೂತಿಗೆ ಒಳಕ್ಕೆ. ಒಳಗೆ ನಡುವಿನದನ್ನು ದಾಟಿ ನೇರ ಕೆಳಗಿನ ತೂತಿಗೆ ಹೊರಕ್ಕೆ. ಅಲ್ಲಿಂದ ಮತ್ತೆ ನಡುವಿನ ತೂತಿಗೆ ಒಳಕ್ಕೆ. ಈಗ ಎರಡೂ ತುದಿ ಒಳಗಿವೆ. ಒಳಗಿನ ಉದ್ದ ಹೊಲಿಗೆಯ ಒಂದೊಂದು ಪಕ್ಕಕ್ಕೆ ಒಂದೊಂದು ತುದಿ ಬರುವಂತೆ ಹಿಡಿದು, ಅದರ ಮೇಲೆ ಗಂಟು ಹಾಕಿ. ಹುರಿಯನ್ನು ಹಾಳೆಗೆ ಸಮಾನಾಂತರವಾಗಿ ಎಳೆದು ಬಿಗಿ ಮಾಡಿ. ಮೇಲಕ್ಕೆ ಎಳೆದರೆ ತೂತು ಹರಿಯುತ್ತದೆ.

ಎಲೆಯ ಅಚ್ಚಿನ ಬಟ್ಟೆಯನ್ನು ಕತ್ತರಿಸಿ ಪುಟಗಳಿಗೆ ಅಂಟಿಸಿ, ವೃತ್ತದೊಳಗೆ ಕಂಡದ್ದನ್ನು ಪಕ್ಕದಲ್ಲಿ ಬರೆಯಲಿ. ಪೆನ್ನು ಬೇಡ, ಈ ಕಾಗದದಲ್ಲಿ ಶಾಯಿ ಹರಡುತ್ತದೆ. ಪೆನ್ಸಿಲ್ ಕೊಡಿ.