ಹಳೇ ಔಟ್‌ಬೋರ್ಡ್ ಹೊಗೆ ಕಾರಿ ನಿಲ್ಲುತ್ತಿದೆಯೇ? ಸ್ಕ್ರೂ ಮುಟ್ಟುವ ಮೊದಲು ಇಷ್ಟು ನೋಡಿ

ನಾಡದೋಣಿಯ ಹಿಂಬದಿಗೆ ಕಟ್ಟುವ ಹಳೇ ಔಟ್‌ಬೋರ್ಡ್ ಇಂಜಿನ್ ಬೆಳಿಗ್ಗೆ ದಟ್ಟ ಹೊಗೆ ಬಿಟ್ಟು ಎರಡೇ ನಿಮಿಷಕ್ಕೆ ಆಫ್ ಆದರೆ, ಹೆಚ್ಚಿನವರ ಕೈ ಮೊದಲು ಹೋಗುವುದು ಕಾರ್ಬುರೇಟರ್ ಸ್ಕ್ರೂಗೆ. ಅರ್ಧ ಸುತ್ತು ಈ ಕಡೆ, ಅರ್ಧ ಸುತ್ತು ಆ ಕಡೆ. ಸದ್ದು ಸ್ವಲ್ಪ ಸುಧಾರಿಸಿದ ಹಾಗೆ ಕಾಣುತ್ತದೆ. ಮರುದಿನ ಮತ್ತೆ ಅದೇ ಕತೆ. ಮರವಂತೆ, ಉಪ್ಪುಂದ, ಗಂಗೊಳ್ಳಿ ಕಡೆ ಇದನ್ನು ನೋಡಿ ನೋಡಿ ಸಾಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ತೊಂದರೆ ಹೆಚ್ಚಾಗಿ ಇರುವುದು ಸ್ಕ್ರೂನಲ್ಲಿ ಅಲ್ಲ, ಹಿಂದಿನ ದಿನ ಇಂಜಿನ್ ನಿಲ್ಲಿಸಿದ ರೀತಿಯಲ್ಲಿ.

ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳ ಮೀನುಗಾರಿಕೆಗೆ ನಿಷೇಧ. ಆಗ ಕಡಲಿಗೆ ಇಳಿಯಬಹುದಾದದ್ದು ಇಂಜಿನ್ ಇಲ್ಲದ ಅಥವಾ 10 ಅಶ್ವಶಕ್ತಿಯವರೆಗಿನ ಇಂಜಿನ್ ಇರುವ ನಾಡದೋಣಿಗಳು ಮಾತ್ರ. ಮಳೆಗಾಲದ ಅಳಿವೆಯಲ್ಲಿ ಅಲೆ ಏಳುತ್ತಿರುವಾಗ ಇಂಜಿನ್ ಕೈಕೊಟ್ಟರೆ ಹೋಗುವುದು ಒಂದು ದಿನದ ಮೀನಲ್ಲ, ಜೀವ. ಹಾಗಾಗಿ ಈ ಕೆಲಸವನ್ನು ದಡದಲ್ಲೇ ಮುಗಿಸಿ.

ಇಲ್ಲಿ ಹೇಳುತ್ತಿರುವುದು ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ ಸೀಮೆಎಣ್ಣೆಯಲ್ಲಿ ಓಡುವ ಟೂ ಸ್ಟ್ರೋಕ್ ಇಂಜಿನ್ ಬಗ್ಗೆ. ಬರೀ ಪೆಟ್ರೋಲ್ ಇಂಜಿನ್ ಆದರೆ ಸೀಮೆಎಣ್ಣೆಯ ಭಾಗ ಬಿಟ್ಟು ಓದಿ. ಖರ್ಚು ಉಳಿಸಲು ಅದಕ್ಕೆ ಸೀಮೆಎಣ್ಣೆ ಹಾಕಲು ಮಾತ್ರ ಹೋಗಬೇಡಿ. ಸೀಮೆಎಣ್ಣೆ ಇಂಜಿನ್‌ನ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಬೇರೆಯೇ. ಪೆಟ್ರೋಲ್ ಇಂಜಿನ್‌ಗೆ ಅದು ಬಿದ್ದರೆ ಟಕಟಕ ಬಡಿದು ಪಿಸ್ಟನ್ ಹಾಳಾಗುತ್ತದೆ.

ಮೊದಲು ಹೊಗೆ ನೋಡಿ

ತಣ್ಣಗಿರುವ ಟೂ ಸ್ಟ್ರೋಕ್ ಒಂದೆರಡು ನಿಮಿಷ ನೀಲಿ ಹೊಗೆ ಬಿಡುವುದು ಸಹಜ. ಅದರಲ್ಲಿ ಆಯಿಲೂ ಉರಿಯುತ್ತದೆ ಅಲ್ವಾ? ಬಿಸಿಯಾದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಜಾಸ್ತಿ, ಇಲ್ಲವೇ ಸೀಮೆಎಣ್ಣೆ ಸರಿಯಾಗಿ ಉರಿಯುತ್ತಿಲ್ಲ. ಕಪ್ಪು ಹೊಗೆ ಬಂದರೆ ಚೋಕ್ ಎಳೆದೇ ಇದೆಯಾ ನೋಡಿ. ಪ್ಲಗ್ ಬಿಚ್ಚಿದಾಗ ತುದಿಯಲ್ಲಿ ನೀರಿನ ಹನಿ ಕಂಡರೆ ಗ್ಯಾಸ್ಕೆಟ್ ಹೋಗಿರಬಹುದು, ಮೆಕ್ಯಾನಿಕ್‌ಗೆ ಬಿಡಿ.

ಆಯಿಲನ್ನು ಅಳೆದೇ ಹಾಕಿ. 50:1 ಎಂದರೆ ಲೀಟರಿಗೆ 20 ಮಿ.ಲೀ., 25:1 ಎಂದರೆ 40 ಮಿ.ಲೀ. ನಿಮ್ಮ ಮಾದರಿಗೆ ಯಾವುದು ಎಂದು ಇಂಜಿನ್ ಪುಸ್ತಕದಲ್ಲಿರುತ್ತದೆ. ಸೀಮೆಎಣ್ಣೆಗೆ ಲೆಕ್ಕ ಬೇರೆ ಇರಬಹುದು, ಅದನ್ನೂ ನೋಡಿ. 'ಒಂದು ಮುಚ್ಚಳ ಜಾಸ್ತಿ ಇದ್ದರೆ ಒಳ್ಳೇದು' ಎನ್ನುವ ಮಾತು ಬಿಟ್ಟುಬಿಡಿ, ಆ ಮುಚ್ಚಳವೇ ಪ್ಲಗ್ ಮೇಲೆ ಕರಿಯಾಗಿ ಕೂರುತ್ತದೆ. ಡಬ್ಬದ ಮೇಲೆ ಔಟ್‌ಬೋರ್ಡ್ ಆಯಿಲಿನ ಗುರುತಾದ ಟಿಸಿ-ಡಬ್ಲ್ಯೂ3 (TC-W3) ಎಂದು ಇರಲೇಬೇಕು. ಬೈಕಿನ ಟೂಟಿ ಆಯಿಲ್ ಗಾಳಿಯಲ್ಲಿ ತಣಿಯುವ ಇಂಜಿನ್‌ಗೆ ಮಾಡಿದ್ದು, ನೀರಿನಲ್ಲಿ ತಣಿಯುವ ಔಟ್‌ಬೋರ್ಡ್‌ಗೆ ಹೊಂದುವುದಿಲ್ಲ. ಲೇಬಲ್ ಇಲ್ಲದ ಬಾಟಲಿಯ ಲೂಸ್ ಆಯಿಲ್ ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ.

ನಿಲ್ಲಿಸುವಾಗ ಪೆಟ್ರೋಲ್

ಪೆಟ್ರೋಲ್ ನಮ್ಮ ಕಡೆಯ ಚಳಿಯಲ್ಲೂ ಆವಿಯಾಗುತ್ತದೆ. ಸೀಮೆಎಣ್ಣೆಗೆ ಬಿಸಿ ಬೇಕು. ತಣ್ಣಗಿನ ಸಿಲಿಂಡರ್‌ಗೆ ಹೋದರೆ ಅದು ಹನಿಯಾಗಿಯೇ ಉಳಿದು ಪ್ಲಗ್ ನೆನೆಸುತ್ತದೆ, ಗೋಡೆಯ ಮೇಲಿನ ಆಯಿಲ್ ತೊಳೆಯುತ್ತದೆ, ಅರ್ಧಂಬರ್ಧ ಉರಿದು ಹೊಗೆಯಾಗುತ್ತದೆ. ಆದ್ದರಿಂದ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಕಾಕ್ (ಇಂಧನ ಬದಲಿಸುವ ನಲ್ಲಿ) ಸೀಮೆಎಣ್ಣೆಗೆ ತಿರುಗಿಸಿ. ಇದನ್ನು ಎಲ್ಲರೂ ಮಾಡುತ್ತಾರೆ.

ಮಾಡದೇ ಇರುವುದು ವಾಪಸ್ ಬರುವಾಗಿನ ಕೆಲಸ. ದಡ ಕಾಣುತ್ತಿದ್ದಂತೆ ಕಾಕನ್ನು ಮತ್ತೆ ಪೆಟ್ರೋಲಿಗೆ ತಿರುಗಿಸಿ ಕೆಲವು ನಿಮಿಷ ಓಡಿಸಬೇಕು. ಪೈಪಿನಲ್ಲಿ, ಪಂಪಿನಲ್ಲಿ, ಕಾರ್ಬುರೇಟರ್ ಬೌಲ್‌ನಲ್ಲಿ ಉಳಿದ ಸೀಮೆಎಣ್ಣೆ ಉರಿದು ಖಾಲಿಯಾಗಲಿ. ಆಮೇಲೆ ನಿಲ್ಲಿಸಿ. ಈಗಾಗಲೇ ಸೀಮೆಎಣ್ಣೆಯಲ್ಲೇ ನಿಲ್ಲಿಸಿಬಿಟ್ಟಿದ್ದರೆ ಬೆಳಿಗ್ಗೆ ದಾರ ಎಳೆದು ತೋಳು ನೋಯಿಸಿಕೊಳ್ಳಬೇಡಿ. ಬೌಲ್ ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ ಒಂದು ಗಾಜಿನ ಲೋಟಕ್ಕೆ ಇಳಿಸಿ, ಇಂಧನ ಪೈಪಿನ ನಡುವಿನ ರಬ್ಬರ್ ಬಲ್ಬ್ ಹಿಂಡಿ ಹೊಸ ಪೆಟ್ರೋಲ್ ತುಂಬಿಸಿ.

ಲೋಟವನ್ನು ಬೆಳಕಿಗೆ ಹಿಡಿದು ನೋಡಿ. ತಳದಲ್ಲಿ ಬೇರೆಯೇ ಪದರ ಅಥವಾ ಗುಂಡಗಿನ ಹನಿಗಳು ಕಂಡರೆ ಅದು ನೀರು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ, ಅದು ಕಡಲ ತೇವವನ್ನು ಹೀರಿಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎಥನಾಲ್ ಜೊತೆ ಸೇರಿ ತಳಕ್ಕೆ ಇಳಿಯುತ್ತದೆ. ತಿಂಗಳುಗಟ್ಟಲೆ ಕೂತ ಪೆಟ್ರೋಲನ್ನು ಇಂಜಿನ್‌ಗೆ ಹಾಕಲೇಬೇಡಿ.

ಬಲ್ಬ್ ಹೇಳುವುದನ್ನು ಕೇಳಿ

ಟ್ಯಾಂಕ್ ಮುಚ್ಚಳದ ಗಾಳಿ ಸ್ಕ್ರೂ ತೆರೆಯಿರಿ. ಬಲ್ಬ್ ಮೇಲಿನ ಬಾಣ ಇಂಜಿನ್ ಕಡೆ ಇರಲಿ. ಗಟ್ಟಿಯಾಗುವವರೆಗೆ ಹಿಂಡಿ, ಸ್ಟಾರ್ಟ್ ಮಾಡಿ. ನಿಲ್ಲುವ ಹೊತ್ತಿಗೆ ಬಲ್ಬ್ ಚಪ್ಪಟೆಯಾಗಿದ್ದರೆ ಗಾಳಿ ಸ್ಕ್ರೂ ಮುಚ್ಚಿದೆ ಅಥವಾ ಟ್ಯಾಂಕಿನೊಳಗಿನ ಜಾಲರಿ ಕಟ್ಟಿದೆ. ಬಲ್ಬ್ ಮೆತ್ತಗಾಗಿ, ಕೈಯಲ್ಲಿ ಹಿಂಡುತ್ತಾ ಇದ್ದರೆ ಇಂಜಿನ್ ಓಡುತ್ತದೆ ಎಂದಾದರೆ ಫ್ಯೂಯಲ್ ಪಂಪಿನೊಳಗಿನ ತೆಳು ಪೊರೆ (ಡಯಾಫ್ರಮ್) ಹರಿದಿದೆ ಅಥವಾ ಪೈಪ್ ಜೋಡಣೆಯಲ್ಲಿ ಗಾಳಿ ಎಳೆಯುತ್ತಿದೆ. ಬಲ್ಬ್ ಗಟ್ಟಿಯಾಗಿಯೇ ಇದ್ದು ಐಡಲ್‌ನಲ್ಲಿ (ಥ್ರಾಟಲ್ ಕೊಡದೆ ನಿಧಾನ ಓಡುವಾಗ) ಮಾತ್ರ ನಿಂತರೆ, ಈಗ ಕಾರ್ಬುರೇಟರ್ ಬಿಚ್ಚಬಹುದು.

ಇದನ್ನೆಲ್ಲ ಡ್ರಮ್ಮಿನ ನೀರಿನಲ್ಲಿ ಇಟ್ಟೇ ಮಾಡಿ. ಪ್ರೊಪೆಲ್ಲರ್ ಮೇಲಿನ ಅಗಲ ಪ್ಲೇಟ್ ಮುಳುಗಿರಬೇಕು, ತಣಿಸುವ ನೀರು ಹೊರಗೆ ಚಿಮ್ಮುತ್ತಿರಬೇಕು. 'ಒಂದೇ ನಿಮಿಷ' ಎಂದು ಒಣಗೇ ಓಡಿಸಿದರೆ ತಣಿಸುವ ನೀರು ಎಳೆಯುವ ರಬ್ಬರ್ ಇಂಪೆಲ್ಲರ್ ಸುಟ್ಟುಹೋಗುತ್ತದೆ.

ಪೈಲಟ್ ಜೆಟ್: ಇಲ್ಲೇ ಎಲ್ಲರೂ ಎಡವುವುದು

ಪೂರ್ತಿ ಥ್ರಾಟಲ್‌ನಲ್ಲಿ ಚೆನ್ನಾಗಿ ಓಡಿ, ನಿಧಾನ ಮಾಡಿದ ಕೂಡಲೇ ನಿಂತರೆ ಪೈಲಟ್ ಜೆಟ್ ಮೇಲೆ ಅನುಮಾನಪಡಿ. ಐಡಲ್‌ನಲ್ಲಿ ಇಂಧನ ಬರುವುದು ಅದರ ಸೂಜಿಮೊನೆಯಷ್ಟು ತೂತಿನಿಂದ. ಪೆಟ್ರೋಲ್ ಒಣಗಿ ಉಳಿದ ಅಂಟು ಅದನ್ನು ಮುಚ್ಚಿಬಿಡುತ್ತದೆ. ಇದು ಗೊತ್ತಿಲ್ಲದೆ ಐಡಲ್ ಸ್ಕ್ರೂ ಏರಿಸಿ ಓಡಿಸುತ್ತಾರೆ. ಆಗ ಗೇರ್ ಹಾಕಿದಾಗಲೆಲ್ಲ 'ಧಡ್' ಎಂದು ಬಡಿದು ಗೇರಿನ ಹಲ್ಲು ಸವೆಯುತ್ತದೆ.

ಗಾಳಿ-ಇಂಧನದ ಬೆರಕೆ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ತೆಗೆಯುವ ಮೊದಲು ಅದನ್ನು ಮೆಲ್ಲಗೆ ತಳ ಮುಟ್ಟುವವರೆಗೆ ತಿರುಗಿಸಿ, ಎಷ್ಟು ಸುತ್ತು ಎಂದು ಎಣಿಸಿ ಬರೆದಿಡಿ. ಬಿಗಿಯಬೇಡಿ, ಬಿಗಿದರೆ ಅದರ ಚೂಪು ತುದಿಯಲ್ಲಿ ಗೀರು ಬಿದ್ದು ಮುಂದೆ ಯಾವ ಸೆಟ್ಟಿಂಗೂ ನಿಲ್ಲುವುದಿಲ್ಲ. ಜೋಡಿಸುವಾಗ ಅಷ್ಟೇ ಸುತ್ತು ಹೊರಗೆ. ಬೌಲ್ ತೆಗೆದು ಜೆಟ್‌ಗಳನ್ನು ಸರಿಯಾದ ಅಳತೆಯ ಸ್ಕ್ರೂಡ್ರೈವರ್‌ನಿಂದಲೇ ಬಿಚ್ಚಿ. ಹಿತ್ತಾಳೆ ಮೆದು, ಸಣ್ಣ ಡ್ರೈವರ್ ಹಾಕಿದರೆ ಸೀಳು ಕಿತ್ತುಹೋಗುತ್ತದೆ.

ಜೆಟ್‌ಗೆ ಉಕ್ಕಿನ ತಂತಿ, ಸೇಫ್ಟಿ ಪಿನ್ ಚುಚ್ಚಬೇಡಿ. ತೂತು ಕೂದಲಿನಷ್ಟು ದೊಡ್ಡದಾದರೂ ಲೆಕ್ಕ ತಪ್ಪುತ್ತದೆ, ಹೊಗೆ ಕಾಯಂ ಆಗುತ್ತದೆ. ಕಾರ್ಬುರೇಟರ್ ಕ್ಲೀನರ್‌ನಲ್ಲಿ ನೆನೆಸಿ, ಗಾಳದ ಸಣ್ಣ ನೈಲಾನ್ ದಾರ ತೂರಿಸಿ, ಗಾಳಿ ಊದಿ, ಬೆಳಕಿಗೆ ಹಿಡಿಯಿರಿ. ತೂತು ದುಂಡಗೆ ಕಾಣಬೇಕು. ಕಾರ್ಬುರೇಟರ್ ಮೈಯಲ್ಲಿರುವ ಸಣ್ಣ ದಾರಿಗಳಿಗೂ ಊದಿ. ಜೆಟ್ ತೊಳೆದು ದಾರಿ ಬಿಟ್ಟರೆ ಕೆಲಸ ಅರ್ಧವೇ. ಬೌಲ್ ಕೂರಿಸಲು ಸಿಲಿಕಾನ್ ಅಂಟು ಬೇಡ. ಪೆಟ್ರೋಲಿಗೆ ಅದು ಊದಿ, ಚೂರಾಗಿ ಮತ್ತೆ ಅದೇ ಜೆಟ್‌ಗೆ ಹೋಗಿ ಕೂರುತ್ತದೆ. ಹೊಸ ಗ್ಯಾಸ್ಕೆಟ್ಟೇ ಹಾಕಿ.

ಪ್ಲಗ್ ಎಣ್ಣೆಯಲ್ಲಿ ನೆಂದಿದ್ದರೆ ಉಜ್ಜುತ್ತಾ ಕೂರಬೇಡಿ, ಪುಸ್ತಕದಲ್ಲಿರುವ ನಂಬರಿನದ್ದೇ ಹೊಸತು ಹಾಕಿ. ಕಿಡಿ ಪರೀಕ್ಷೆಯನ್ನು ಪ್ಲಗ್ ತೂತಿನ ಪಕ್ಕ ಮಾಡಬೇಡಿ, ಅಲ್ಲಿಂದ ಬರುವ ಪೆಟ್ರೋಲ್ ಆವಿ ಹೊತ್ತಿಕೊಳ್ಳುತ್ತದೆ. ಸ್ಟಾರ್ಟ್ ಆಗಲಿ ಎಂದು ಈಥರ್ ಸ್ಪ್ರೇ ಹೊಡೆಯುವವರೂ ಇದ್ದಾರೆ. ಟೂ ಸ್ಟ್ರೋಕ್‌ಗೆ ಆಯಿಲ್ ಸಿಗುವುದು ಇಂಧನದ ಜೊತೆಗೇ. ಸ್ಪ್ರೇಯಲ್ಲಿ ಆಯಿಲ್ ಇಲ್ಲ, ಇಂಜಿನ್ ಒಣಗೇ ತಿರುಗುತ್ತದೆ.

ಇಷ್ಟೆಲ್ಲ ಮಾಡಿಯೂ ನಿಂತರೆ ಕಂಪ್ರೆಷನ್ ಅಳೆಸಿ. ಎರಡು ಸಿಲಿಂಡರ್‌ಗಳ ನಡುವೆ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ, ಸೀಮೆಎಣ್ಣೆಯ ಕರಿ ಕಟ್ಟಿ ಪಿಸ್ಟನ್ ರಿಂಗ್ ಅಂಟಿಕೊಂಡಿರಬಹುದು. ಆಗ ಇಂಜಿನ್ ಬಿಚ್ಚಿಸಿ ರಿಂಗ್ ಮತ್ತು ಸೈಲೆನ್ಸರ್ ದಾರಿ ಎರಡರ ಕರಿಯನ್ನೂ ಒಟ್ಟಿಗೇ ಕೆರೆಸಿ. ಮೆಕ್ಯಾನಿಕ್ ಬರೀ ಪ್ಲಗ್ ಬದಲಿಸಿ ಕಳಿಸಲು ನೋಡಿದರೆ, ಗೇಜ್ ಹಾಕಿ ಎರಡೂ ಸಿಲಿಂಡರ್‌ಗಳ ಅಂಕಿ ತೋರಿಸಲು ಹೇಳಿ.