4294967297 ಅನ್ನು ಕಾಗದದ ಮೇಲೆ ಒಡೆಯುವುದು

2ರ ಘಾತವಾಗಿ 1, 2, 4, 8, 16, 32 ಎಂದು ದುಪ್ಪಟ್ಟಾಗುವ ಸಂಖ್ಯೆಗಳನ್ನಿಟ್ಟು ಒಂದು ಕೂಡಿಸಿದರೆ ಬರುವವು ಫರ್ಮಾ ಸಂಖ್ಯೆಗಳು. 3, 5, 17, 257, 65537 ಆದ ಮೇಲೆ ಬರುವ ಫರ್ಮಾ ಸಂಖ್ಯೆ 4294967297. ಅಂದರೆ 2ರ 32ನೇ ಘಾತಕ್ಕೆ ಒಂದು ಕೂಡಿಸಿದ್ದು. ನಮ್ಮ ಲೆಕ್ಕದಲ್ಲಿ 429 ಕೋಟಿ 49 ಲಕ್ಷ 67 ಸಾವಿರದ 297. ಮೊದಲ ಐದರಂತೆ ಇದೂ ಅವಿಭಾಜ್ಯವೆಂದೇ ಫ್ರೆಂಚ್ ಗಣಿತಜ್ಞ ಫರ್ಮಾ ನಂಬಿದ್ದರು. ಅಲ್ಲವೆಂದು 1732ರಲ್ಲಿ ಆಯ್ಲರ್ ತೋರಿಸಿದರು.

ಇದರ ವರ್ಗಮೂಲ ಸುಮಾರು 65536. ಅಷ್ಟರೊಳಗೆ 6,542 ಅವಿಭಾಜ್ಯಗಳಿವೆ. ಒಂದೊಂದರಿಂದಲೂ ಭಾಗಿಸುತ್ತ ಕೂರುವುದು ವ್ಯರ್ಥ. ನಾನು ಮೊದಲು ಭಾಜಕದ ರೂಪವನ್ನೇ ಕಟ್ಟಿಹಾಕುತ್ತೇನೆ. p ಎಂಬ ಅವಿಭಾಜ್ಯ ಇದನ್ನು ಭಾಗಿಸಿದರೆ, p ಲೆಕ್ಕದಲ್ಲಿ (ಅಂದರೆ p ಇಂದ ಭಾಗಿಸಿ ಶೇಷವನ್ನಷ್ಟೇ ನೋಡಿದರೆ) 2ರ 32ನೇ ಘಾತ −1 ಆಗುತ್ತದೆ, 64ನೇ ಘಾತದಲ್ಲೇ ಮೊದಲ ಬಾರಿಗೆ 1 ಬರುತ್ತದೆ. ಹಾಗಾಗಿ p−1 ಅನ್ನು 64 ಭಾಗಿಸಲೇಬೇಕು. ಫ್ರೆಂಚ್ ಗಣಿತಜ್ಞ ಲೂಕಾ 1878ರಲ್ಲಿ ಇದನ್ನು 128ಕ್ಕೆ ಬಿಗಿಗೊಳಿಸಿದರು. ಈಗ ಪಟ್ಟಿ 129, 257, 385, 513, 641 ಎಂದು ಸಾಗುತ್ತದೆ. 129, 385, 513 ಅವಿಭಾಜ್ಯಗಳಲ್ಲ. 257 ತಾನೇ ಫರ್ಮಾ ಸಂಖ್ಯೆ, ಎರಡು ಫರ್ಮಾ ಸಂಖ್ಯೆಗಳಿಗೆ ಸಾಮಾನ್ಯ ಭಾಜಕ ಇರುವುದಿಲ್ಲ. ನಿಜವಾಗಿ ಪರೀಕ್ಷಿಸಬೇಕಾದ ಮೊದಲನೆಯದೇ 641!

ಹತ್ತಂಕಿಯ ಭಾಗಾಕಾರವೂ ಬೇಡ, ವರ್ಗ ಮಾಡಿ ಶೇಷ ಇಟ್ಟುಕೊಳ್ಳುತ್ತ ಹೋದರೆ ಸಾಕು. 2ರ 8ನೇ ಘಾತ 256. ಅದರ ವರ್ಗ 65536; 641×102 = 65382 ಕಳೆದರೆ 154. ಅದರ ವರ್ಗ 23716; 641×36 = 23076 ಕಳೆದರೆ 640. ಒಂದು ಕೂಡಿಸಿದರೆ 641, ಶೇಷ ಸೊನ್ನೆ.

ಭಾಗಲಬ್ಧ 6700417. ಹಲವರು ಇಲ್ಲಿಗೇ ನಿಲ್ಲಿಸುತ್ತಾರೆ, ಆದರೆ ಇದು ಅವಿಭಾಜ್ಯವೆಂದು ತೋರಿಸದೆ ಕೆಲಸ ಮುಗಿಯದು. ಇದರ ವರ್ಗಮೂಲ 2588ರ ಆಸುಪಾಸು. ಭಾಜಕಗಳಿಗೆ ಅದೇ 128ರ ನಿಯಮ ಅನ್ವಯಿಸುವುದರಿಂದ ಉಳಿಯುವವು ನಾಲ್ಕೇ: 641, 769, 1153, 1409. ಶೇಷಗಳು ಕ್ರಮವಾಗಿ 44, 120, 334, 622. ಯಾವುದೂ ಸೊನ್ನೆಯಲ್ಲ, ಆದ್ದರಿಂದ 6700417 ಅವಿಭಾಜ್ಯ.

ನನಗೆ ಬಹಳ ಪ್ರಿಯವಾದ ಗುಣ ಇನ್ನೊಂದಿದೆ. ಈ ಸಂಖ್ಯೆ 65536² + 1² ಎಂಬುದು ಎದುರಿಗೇ ಕಾಣುತ್ತದೆ. 641 = 25² + 4², 6700417 = 2556² + 409². ಬ್ರಹ್ಮಗುಪ್ತನ ಸೂತ್ರದಂತೆ ಇವೆರಡನ್ನು ಗುಣಿಸಿದರೆ ಒಂದು ದಾರಿಯಲ್ಲಿ ಅದೇ 65536² + 1², ಇನ್ನೊಂದು ದಾರಿಯಲ್ಲಿ 62264² + 20449². ಅವಿಭಾಜ್ಯವೊಂದು ಎರಡು ವರ್ಗಗಳ ಮೊತ್ತವಾಗುವುದು ಒಂದೇ ರೀತಿಯಲ್ಲಿ. ಇಲ್ಲಿ ಎರಡು ರೀತಿ ಸಿಕ್ಕಿರುವುದರಿಂದ, ಭಾಜಕ ಗೊತ್ತಿಲ್ಲದವರಿಗೂ ಇದು ಸಂಯುಕ್ತವೆನ್ನಲು ಈ ಸಾಕ್ಷಿ ಸಾಕು. ಅದರಲ್ಲೂ 20449 ಎಂದರೆ 143ರ ವರ್ಗ.

ಪ್ರೋಗ್ರಾಂ ಬರೆಯುವವರು ಎಡವುವುದು ಎರಡು ಕಡೆ. 2 ಅನ್ನು ಆಧಾರವಾಗಿಟ್ಟು ಫರ್ಮಾ ಪರೀಕ್ಷೆ (ಆಧಾರವನ್ನು ಸಂಖ್ಯೆಗಿಂತ ಒಂದು ಕಡಿಮೆಯ ಘಾತಕ್ಕೇರಿಸಿದಾಗ ಶೇಷ 1 ಬರುತ್ತದೆಯೇ ಎಂದು ನೋಡುವುದು) ನಡೆಸಿದರೆ ಈ ಸಂಖ್ಯೆ ಪಾಸಾಗಿಬಿಡುತ್ತದೆ, ಏಕೆಂದರೆ 2ರ 64ನೇ ಘಾತದಲ್ಲೇ ಶೇಷ 1 ಬಂದಿರುತ್ತದೆ. ಆಧಾರ 3 ಇಡಬೇಕು. 3ನ್ನು 31 ಬಾರಿ ವರ್ಗ ಮಾಡಿದಾಗ ಶೇಷ 10324303. ಅವಿಭಾಜ್ಯವಾಗಿದ್ದರೆ −1, ಅಂದರೆ 4294967296, ಬರಬೇಕಿತ್ತು. ಇನ್ನೊಂದು, ವೇರಿಯಬಲ್‌ನ ಅಳತೆ. 32 ಬಿಟ್‌ನಲ್ಲಿ ಇಟ್ಟರೆ ಈ ಸಂಖ್ಯೆ ಬರೀ 1 ಆಗಿ ಕೂರುತ್ತದೆ. 64 ಬಿಟ್ ಕೊಟ್ಟರೂ, ಶೇಷ 4294967296 ಬಂದಾಗ ಅದರ ವರ್ಗ ಸರಿಯಾಗಿ 2ರ 64ನೇ ಘಾತ, ಅಲ್ಲಿ ಸೊನ್ನೆಯಾಗಿ ಹೋಗುತ್ತದೆ. ಗುಣಾಕಾರದ ಆ ಒಂದು ಸಾಲಿಗಾದರೂ 128 ಬಿಟ್ ಇಡಿ.